ಬ್ರೋಕರ್ ಎದುರು ಅಳತೆ ಬೇಡ

ಮಗಾ,

ನಾನು ಕಣ್ಣು ತೋರಿಸಲು ಹೋಗಿದ್ದೇನೆ. ನಾಲ್ಕಕ್ಕೆ ಮನೆ ಬ್ರೋಕರ್ ಬರುತ್ತಾನೆ. ರಾತ್ರಿ ನಾವು ಮಾತಾಡಿಕೊಂಡ ಬೆಲೆಯನ್ನೇ ಹೇಳು, ಆಮೇಲೆ ಬಾಯಿಗೆ ಬೀಗ ಹಾಕು. ಟೀ ಕೊಟ್ಟು ಕಳಿಸು.

ಮೊನ್ನೆ ಮನೆ ನೋಡಲು ಹೋದಾಗ ಅವನೆದುರೇ ಟೇಪು ಹಿಡಿದು ಕಿಟಕಿ ಪರದೆಗೆ ಅಳತೆ ತೆಗೆದೆಯಲ್ಲ! ಮನೆ ನಮಗೆ ಹಿಡಿಸಿದೆ ಅಂತ ಗೊತ್ತಾದ ಮೇಲೆ ಯಾವನಪ್ಪ ಬೆಲೆ ಇಳಿಸುತ್ತಾನೆ? ಸಂಜೆಯೊಳಗೆ ಫೋನು, "ಓನರು ಇನ್ನೂ ಜಾಸ್ತಿ ಕೇಳ್ತಿದಾರಮ್ಮ" ಅಂತ. ನಿಮ್ಮಪ್ಪನೂ ಹೀಗೇ, ಮೊಳೆ ಹೊಡೆಯಲು ಗೋಡೆ ಆರಿಸುತ್ತಲೇ ಒಂದು ಮನೆ ಕಳೆದರು. ಇಪ್ಪತ್ತೆಂಟು ವರ್ಷ ಬಾಡಿಗೆಯಲ್ಲೇ ಸವೆದೆವು.

ಟೇಪು ನನ್ನ ಚೀಲದಲ್ಲಿದೆ, ಹುಡುಕಬೇಡ.

ಆ ಮನೆಯ ಹಿಂದಿನ ಕೋಣೆಯಲ್ಲಿ ನನ್ನ ಮಂಚ ಸರಿಯಾಗಿ ಕೂರುತ್ತದೆ. ನೀನೂ ಬ್ರೋಕರೂ ಮಹಡಿ ಹತ್ತಿದಾಗ ಗೇಣು ಹಾಕಿ ನೋಡಿದೆ. ಅವನಿಗೆ ಹೇಳೀಯ, ಜೋಕೆ.

ಅಮ್ಮ