ಅಮರೇಗೌಡ ಮುತ್ಯಾ ಕೊಳ್ಳಬೇಕಾದ ತಗಡಿನ ಡಬ್ಬಿ

ರಾಯಚೂರು, 2171, ಎರಡನೆಯ ಬೇಸಿಗೆಯ ಮೂವತ್ತೆಂಟನೆಯ ದಿನ

ಪೂಜ್ಯ ಅಮರೇಗೌಡ ಮುತ್ಯಾ ಅವರಿಗೆ ನೀಲಾಂಬಿಕೆಯ ನಮಸ್ಕಾರಗಳು.

ನಮ್ಮಲ್ಲಿ ಈಗ ವರ್ಷಕ್ಕೆ ಎರಡು ಬೇಸಿಗೆ, ಆದ್ದರಿಂದ ತಾರೀಖು ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನನ್ನ ಕನ್ನಡವೂ ಅಲ್ಲಲ್ಲಿ ಹೊಸದೆನಿಸಬಹುದು. ನಾನು ನಿಮ್ಮ ಮರಿಮಗಳ ಮೊಮ್ಮಗಳು. ಈ ಕಾಗದ ಹಿನ್ನಂಚೆಯಲ್ಲಿ ಬರುತ್ತಿದೆ. ಹಿನ್ನಂಚೆಯೆಂದರೆ ಕಳೆದ ಕಾಲಕ್ಕೆ ಕಾಗದ ಒಯ್ಯುವ ಇಲಾಖೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪುಟ. ಸಾವು, ಮದುವೆ, ಚುನಾವಣೆಯ ಸುದ್ದಿಯಿದ್ದರೆ ವಾಪಸ್ ಬರುತ್ತದೆ. ಮನೆಬಳಕೆಯ ಸಾಮಾನಿನ ಸುದ್ದಿಗೆ ಅಡ್ಡಿಯಿಲ್ಲ. ಕಂಪ್ಯೂಟರ್ ಕ್ಯಾಬಿನೆಟ್ ಎಂದು ವಿಷಯ ಬರೆಸಿದಾಗ ಗುಮಾಸ್ತ ನಕ್ಕು, "ಡಬ್ಬಿ ವಿಷಯ ಏನ್ರೀ? ಬರೀರಿ, ಅದರಿಂದ ಯಾರಿಗೇನ್ ಆಗತೈತಿ," ಅಂದ. ನಾನು ಪುಟ ತೆಗೆದುಕೊಂಡು ಬಂದೆ.

ನಿಮ್ಮ ತಂಗಿ ಹಂಪಮ್ಮನಿಗೆ ಹುಟ್ಟಿನಿಂದ ಕಿವಿ ಕೇಳದು. ಆಕೆ ತಾನೇ ಕಟ್ಟಿಕೊಂಡ ಕೈಮಾತನ್ನು ನೀವು ದಿನಾ ವಿಡಿಯೋ ಮಾಡುತ್ತಿದ್ದೀರಿ, ಅದನ್ನೆಲ್ಲ ಕೂಡಿಡಲು ಮನೆಯಲ್ಲೇ ಒಂದು ಸರ್ವರ್ ಕಟ್ಟಲು ಹೊರಟಿದ್ದೀರಿ. ಅಂಗಡಿಯಲ್ಲಿ ಗಾಜಿನ ಬಾಗಿಲಿನ, ಬಣ್ಣದ ದೀಪ ಮಿನುಗುವ ಕ್ಯಾಬಿನೆಟ್ ನಿಮ್ಮ ಮನಸ್ಸಿಗೆ ಬಂದಿದೆ. ಪಕ್ಕದಲ್ಲೇ ಬೀರುವಿನ ಬಣ್ಣದ, ತಗಡಿನದೊಂದಿದೆ. ನೋಡಲು ಚೆನ್ನಾಗಿಲ್ಲ, ಒಪ್ಪಿದೆ. ಆದರೆ ಅದರಲ್ಲಿ ಎಂಟು ಹಾರ್ಡ್ ಡಿಸ್ಕ್ ಕೂರುತ್ತವೆ, ಎದುರಿಗೆ ಎರಡು ದೊಡ್ಡ ಫ್ಯಾನುಗಳಿವೆ, ಫ್ಯಾನುಗಳ ಮುಂದೆ ಬಿಚ್ಚಿ ತೊಳೆಯಬಹುದಾದ ಜಾಲರಿಯಿದೆ. ಗಾಜಿನದಕ್ಕೆ ಜಾಲರಿಯಿಲ್ಲ.

ಜಾಲರಿಯಿಲ್ಲದಿದ್ದರೆ ಏನಾಯಿತು ಎನ್ನಬೇಡಿ. ನಿಮ್ಮ ಮನೆಯಲ್ಲಿ ನಿಮ್ಮ ಹೆಂಡತಿ ಬಸಲಿಂಗಮ್ಮಜ್ಜಿ ಇದ್ದಾರೆ. ಟೀವಿ, ಮಿಕ್ಸಿ, ಫ್ರಿಜ್ಜು, ಹೊಲಿಗೆ ಯಂತ್ರ, ಯಾವುದನ್ನೂ ಅವರು ಬರಿಮೈಯಲ್ಲಿ ಬಿಟ್ಟವರಲ್ಲ. ಎಲ್ಲಕ್ಕೂ ದಾರದ ಹೂವಿನ ಮುಸುಕು. ಗಾಜಿನ ಡಬ್ಬಿಯೊಳಗೆ ಧೂಳು ಕೂತದ್ದನ್ನು ಕಂಡು ಅದಕ್ಕೂ ಒಂದು ಹೆಣೆಯುತ್ತಾರೆ, ಎಲ್ಲಕ್ಕಿಂತ ಚೆಂದದ್ದು. ರಾಯಚೂರಿನ ಏಪ್ರಿಲ್ ಬರುತ್ತದೆ. ಮುಸುಕಿನೊಳಗೆ ಗಾಳಿಯಾಡದೆ ಎರಡು ಡಿಸ್ಕುಗಳೂ ಒಂದೇ ಮಧ್ಯಾಹ್ನ ಸುಟ್ಟುಹೋಗುತ್ತವೆ. ನಕಲನ್ನೂ ನೀವು ಅದೇ ಡಬ್ಬಿಯಲ್ಲಿಟ್ಟಿದ್ದಿರಿ. ಇದು ನನಗೆ ಸಿಟ್ಟು ತರಿಸುತ್ತದೆ, ಮುತ್ಯಾ. ಒಂದು ನಕಲು ಅಳಿಯನ ಮನೆಯಲ್ಲಿರಲಿ.

ಅಜ್ಜಿ ಕೊನೆಯವರೆಗೂ "ಮುಚ್ಚಿದಾಕಿ ನಾನ" ಎಂದು ಹೇಳಿಕೊಂಡು ಕೊರಗಿದರಂತೆ. ಆ ಮಾತು ನನ್ನ ತನಕ ಬಂದಿದೆ, ಹಂಪಮ್ಮನ ಮಾತು ಬರಲಿಲ್ಲ. ತಪ್ಪು ಅಜ್ಜಿಯದಲ್ಲ. ಧೂಳು ತಡೆಯಲು ಬೇರೆ ದಾರಿ ಇದ್ದಿದ್ದರೆ ಅವರು ಹೆಣೆಯುತ್ತಲೇ ಇರಲಿಲ್ಲ.

ನನ್ನ ಮಗಳಿಗೆ ಆರು ವರ್ಷ. ಅವಳಿಗೂ ಕಿವಿ ಕೇಳದು; ಹೆಸರು ಹಂಪಮ್ಮ ಎಂದೇ ಇಟ್ಟಿದ್ದೇವೆ. ಶಾಲೆಯ ಸಂಜ್ಞೆಗಳನ್ನು ಚೆನ್ನಾಗಿ ಬಲ್ಲಳು, ಆದರೆ ಅವಳಿಗೆ ಬೇಕಾದದ್ದು ಮನೆಯ ಮಾತು. ನಿಮ್ಮ ಫೋನಿನಲ್ಲಿ ಹೇಗೋ ಉಳಿದ ಹನ್ನೊಂದು ಸೆಕೆಂಡಿನ ಒಂದು ತುಣುಕು ನಮ್ಮ ಬಳಿಯಿದೆ. ಅದರಲ್ಲಿ ಹಂಪಮ್ಮ ನಿಮ್ಮನ್ನು ನೋಡಿ ನಗುತ್ತಾಳೆ, ಎರಡು ಬೆರಳನ್ನು ಗಲ್ಲಕ್ಕೆ ಮುಟ್ಟಿಸಿ ಎರಡೂ ಕೈ ಮೇಲೆತ್ತುತ್ತಾಳೆ. ಅಲ್ಲಿಗೆ ಮುಗಿಯಿತು. ನನ್ನ ಮಗಳು ದಿನಾ ಊಟಕ್ಕೆ ಕುಳಿತಾಗ ಅಷ್ಟನ್ನು ಮಾಡಿ, ಎತ್ತಿದ ಕೈಗಳನ್ನು ಹಾಗೇ ಹಿಡಿದು, ಮುಂದೇನು ಎಂದು ನನ್ನ ಮುಖ ನೋಡುತ್ತಾಳೆ.

ತಗಡಿನದನ್ನೇ ಕೊಳ್ಳಿ. ಜಾಲರಿಯನ್ನು ತಿಂಗಳಿಗೊಮ್ಮೆ ತೊಳೆಯುವ ಕೆಲಸ ಅಜ್ಜಿಗೇ ಕೊಡಿ, ಅವರು ಮರೆಯುವವರಲ್ಲ. ಕಾಗದ ತಲುಪಿತೆಂದು ಹಿನ್ನಂಚೆಯವರು ರಸೀದಿ ಕೊಡುವುದಿಲ್ಲ. ನಾಳೆ ಊಟದ ಹೊತ್ತಿಗೆ ನನ್ನ ಮಗಳು ಆ ಕೈಗಳನ್ನು ಕೆಳಗಿಳಿಸಿ ಮಾತು ಮುಗಿಸಿದರೆ, ತಲುಪಿತು ಎಂದುಕೊಳ್ಳುತ್ತೇನೆ.

ನಿಮ್ಮ
ನೀಲಾಂಬಿಕೆ