ಆಕ್ಸೆಪ್ಟ್ ಮಾಡಬೇಡ

ತಿಲಕ್ ನಗರ
ಆಗಸ್ಟ್ 2007

ಶೈಲಶ್ರೀ,

ಇಂಟರ್ನೆಟ್ಟಿನಲ್ಲಿ ಸ್ನೇಹಿತರನ್ನು ಜೋಡಿಸುವ ಆರ್ಕುಟ್ಟನ್ನು ನನ್ನಷ್ಟು ಚೆನ್ನಾಗಿ ಕಲಿಸುವವರು ಈ ಸುತ್ತಮುತ್ತಲಲ್ಲಿ ಯಾರೂ ಇಲ್ಲ. ಇವತ್ತು ನನ್ನ ಸೈಬರ್ ಕೆಫೆಗೆ ಜಯನಗರದ ಚೂಡಾಮಣಿ ಆಂಟಿ ಬಂದಿದ್ದರು. ಮಾತು ಬಿಟ್ಟ ತಂಗಿಗೆ ಅವರು ಏನೋ ಬರೆಯಬೇಕಿತ್ತು, ಆದರೆ ಅದು ನೆಂಟರ ಕಣ್ಣಿಗೆ ಬೀಳಬಾರದು.

"ಅವ್ರ ಪುಟದಲ್ಲಿ ಸ್ಕ್ರ್ಯಾಪ್ ಬರೆದ್ರೆ ಎಲ್ರೂ ಓದ್ತಾರೆ ಆಂಟಿ. ಟೆಸ್ಟಿಮೋನಿಯಲ್ ಬರೀರಿ. ಅದು ಇರೋದು ಸ್ನೇಹಿತರನ್ನ ಹೊಗಳೋಕೆ, ಆದ್ರೆ ನಿಮ್ಮ ತಂಗಿ ಆಕ್ಸೆಪ್ಟ್ ಒತ್ತೋವರೆಗೂ ಬೇರೆ ಯಾರಿಗೂ ಕಾಣಲ್ಲ. ಮೊದಲನೇ ಸಾಲಲ್ಲೇ 'ಆಕ್ಸೆಪ್ಟ್ ಮಾಡಬೇಡ' ಅಂತ ಹಾಕಿಬಿಡಿ," ಎಂದೆ.

ಈ ಉಪಾಯವನ್ನು ನನಗೆ ಕಲಿಸಿದವಳು ನೀನೇ. ಹೋದ ವರ್ಷ ನಿನ್ನ ಆಫೀಸಿನಿಂದ ನೀನು ನನಗೆ ಹಾಗೆಯೇ ಬರೆದಿದ್ದೆ: "ಆಕ್ಸೆಪ್ಟ್ ಮಾಡಬ್ಯಾಡ. ಮನ್ಯಾಗ ಗಂಡು ನೋಡ್ಯಾರ. ನಿನಗೇನರ ಹೇಳೋದಿದ್ರ ಈ ವಾರದಾಗ ಹೇಳು."

ಅದರ ಕೆಳಗೆ ಇದ್ದದ್ದು ಎರಡೇ ಗುಂಡಿ: ಒಪ್ಪು, ಇಲ್ಲವೇ ತೆಗೆದುಹಾಕು. ಉತ್ತರ ಬರೆಯಲು ಜಾಗವೇ ಇರಲಿಲ್ಲ. ನಾನು ಎರಡನ್ನೂ ಒತ್ತಲಿಲ್ಲ. ನೀನು ಹೇಳಿದ ಮಾತನ್ನು ಚಾಚೂ ತಪ್ಪದೆ ಪಾಲಿಸಿದೆ. ಆಮೇಲೆ ನಿನ್ನ ಮದುವೆಯಾಯಿತು, ಆರ್ಕುಟ್ಟಿನಿಂದ ನಿನ್ನ ಪುಟವೂ ಹೋಯಿತು.

ಆಂಟಿ ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡಿ, ಕಳಿಸಿ, ನನ್ನ ಕಡೆ ತಿರುಗಿದರು.

"ಅವಳು ಇದಕ್ಕೆ ಉತ್ತರ ಎಲ್ಲಿ ಬರೀಬೇಕು ಸೀನು?"

"ಅವ್ರೂ ನಿಮಗೆ ಹೀಗೇ ಒಂದು ಬರೀತಾರೆ ಆಂಟಿ," ಎಂದೆ, ಎಂದಿನ ಧೈರ್ಯದಲ್ಲೇ. "ಮನಸ್ಸಿದ್ರೆ ಒಂದು ನಿಮಿಷದ ಕೆಲಸ."

ಸೀನು