ಥಡ್ ಎಂಬ ಸದ್ದೂ ನಿಮ್ಮ ಸುಣ್ಣದ ಗುರುತೂ

ಸೇಡಂ, ಶುಕ್ರವಾರ

ಶಹಾಬಾದದ ಕಲ್ಲಿನ ಅಡ್ಡೆಯಲ್ಲಿ ಕಲ್ಲು ಬಡಿದು ನೋಡಿ ಗಟ್ಟಿಯಾದದ್ದಕ್ಕೆ ಸುಣ್ಣದ ಗುರುತು ಹಾಕುವ, ಎಲ್ಲರೂ ನಂಬುವ ನನ್ನ ಅಪ್ಪ ಖಂಡೆಪ್ಪನವರಿಗೆ, ಮಗಳು ಶೈಲಶ್ರೀ ಮಾಡುವ ಶರಣು.

ಫೋನ್ ಬಿಟ್ಟು ಕಾಗದ ಯಾಕೆ ಎಂದು ನಿಮಗೆ ಅನುಮಾನ ಬಂದಿರಬೇಕು. ಬರಲಿ. ಒಂದು ತಿಂಗಳಿಂದ ನಾನೂ ಅನುಮಾನದಲ್ಲೇ ಉಣ್ಣುತ್ತಿದ್ದೇನೆ.

ನಮ್ಮ ಅಡುಗೆಮನೆಯ ಅಟ್ಟಕ್ಕೆ ನೀವು ಕಳಿಸಿದ ಫರಸಿ ಚಪ್ಪಡಿಯನ್ನು ಗಾರೆ ಕೆಲಸದ ಗೌಂಡಿ ಎತ್ತುವ ಮೊದಲು ಸುಮ್ಮನೆ ಸುತ್ತಿಗೆಯಿಂದ ಬಡಿದೆ. ನೀವೇ ಕಲಿಸಿದ್ದು: "ಠಣ್ ಅಂದ್ರ ಗಟ್ಟಿ ಅದ. ಬದ್ ಅಂದ್ರ ಒಳಗ ಬಿರುಕ ಅದ, ಮುಟ್ಟಬ್ಯಾಡ." ಅದು ಬದ್ ಅಂತು. ಗೌಂಡಿ ನೀರು ಹಾಕಿ ಒರೆಸಿದ. ಕಲ್ಲೆಲ್ಲ ಒಣಗಿದರೂ ನಡುವೆ ಕೂದಲೆಳೆಯಷ್ಟು ಗೆರೆ ಒದ್ದೆಯಾಗಿಯೇ ಉಳಿಯಿತು.

ಟೆಂಪೋದಲ್ಲಿ ತಂದ ಅಂಬಾರಾಯನೇ ಚಿತ್ತಾಪುರದಲ್ಲೆಲ್ಲೋ ಕಲ್ಲು ಬದಲಿಸಿದ್ದಾನೆಂದು ಓಣಿಯಲ್ಲಿ ನಿಂತು ಬಾಯಿಗೆ ಬಂದಂತೆ ಬೈದೆ. ಪಾಪ, ಅವನು ಕಲ್ಲು ಹೊರಳಿಸಿ, "ಅಕ್ಕಾರ, ನಿಮ್ಮಪ್ಪಾರ ಸುಣ್ಣದ ಗುರ್ತ ಇಲ್ಲೇ ಅದ ನೋಡ್ರಿ. ನಾ ಯಾಕ ಬದಲ ಮಾಡ್ಲಿರಿ?" ಅಂದ. ಗುರುತೂ ನಕಲಿಯೇ ಇರಬೇಕು ಅಂದುಕೊಂಡೆ. ಆಮೇಲೆ ನಿಮಗೆ ಕಲ್ಲು ಹಿಡಿದುಕೊಡುವ ಭಾಗಣ್ಣನ ಮೇಲೆ ಗುಮಾನಿ ಬಂತು. ನಿಮ್ಮೊಬ್ಬರನ್ನು ಬಿಟ್ಟು ಜಗತ್ತನ್ನೆಲ್ಲ ಶಂಕಿಸಿದೆ.

ಅದೇ ವಾರ ನಾನು ಕಲಿಸುವ ಎಂಟನೆಯ ತರಗತಿಯ ಇಂಗ್ಲಿಷ್ ಪಾಠದಲ್ಲಿ 'ಥಡ್' ಎಂಬ ಪದ ಬಂತು. ಭಾರದ ವಸ್ತು ಬಿದ್ದಾಗಿನ ಮಂಕು ಸದ್ದು. ನಮ್ಮ ಬದ್ ಇದೆಯಲ್ಲ, ಅದೇ. ತಲೆಯಲ್ಲಿ ಆ ಕಲ್ಲೇ ಕೂತಿತ್ತಲ್ಲ, ಶಾಲೆಯ ದಪ್ಪ ನಿಘಂಟು ತೆಗೆದೆ. ವಿಚಿತ್ರವೆಂದರೆ ಅದರ ಮೂಲದಲ್ಲಿ ಸದ್ದೇ ಇಲ್ಲ. ಹಳೆಯ ಇಂಗ್ಲಿಷಿನಲ್ಲಿ ಒತ್ತುವುದು, ನೂಕುವುದು ಎಂಬ ಅರ್ಥದ ಕ್ರಿಯಾಪದವಂತೆ. ಆಮೇಲೆ ಸ್ಕಾಟ್ಲೆಂಡಿನವರಿಗೆ ಅದು ಬೀಸಿಬಂದ ಗಾಳಿಯ ಹೊಡೆತ, ಮುಂದೆ ಬರೀ ಹೊಡೆತ. ಕಿವಿಗೆ ಬಿದ್ದದ್ದು ಎಲ್ಲಕ್ಕಿಂತ ಕೊನೆಗೆ. ಓದುತ್ತಿದ್ದಂತೆ ನೀವು ನೆನಪಾದಿರಿ. ಹೊಡೆತ ಕೈಗೆ ತಿಳಿದೂ ಸದ್ದು ಕಿವಿಗೆ ಬಾರದವರು ಹೇಗೆ ಇರುತ್ತಾರೆ? ಫೋನಿನಲ್ಲಿ ನಾನು ಏನೇ ಕೇಳಿದರೂ "ಹೂಂ, ಎಲ್ಲಾ ಅರಾಮ ಅದೀವಿ" ಅನ್ನುತ್ತಿದ್ದಿರಲ್ಲ, ಹಾಗೆ.

ಹೋದ ರವಿವಾರ ನಿಮ್ಮನ್ನು ನೋಡಲು ಬಂದೆನೆಂದು ಸಂತೋಷಪಟ್ಟಿರಿ. ನಾನು ಬಂದದ್ದು ಪರೀಕ್ಷೆ ಮಾಡಲು. ಕಲ್ಲಿಗೆ ಸುತ್ತಿಗೆ ಮುಟ್ಟಿಸಿ ನೀವು ಭಾಗಣ್ಣನ ಮುಖ ನೋಡುತ್ತಿದ್ದಿರಿ. ಅವನನ್ನು ಚಹಾಕ್ಕೆ ಕಳಿಸಿ ಅವನ ಜಾಗದಲ್ಲಿ ನಿಂತೆ. ಮುಂದಿನ ಕಲ್ಲು ಗಂಟೆಯಂತೆ ಠಣ್ ಅಂತು. ಬೇಕೆಂದೇ ಮುಖ ಕಿವುಚಿದೆ. ನೀವು ಅದನ್ನು ತಕ್ಷಣ ಬದಿಗೆ ಸರಿಸಿ, "ಇದು ಬ್ಯಾಡ" ಅಂದಿರಿ. ಎದುರಿನ ಮುಖ ಏನೂ ಹೇಳದಾಗ ಬಿರುಕಿನ ಕಲ್ಲಿಗೂ ಸುಣ್ಣ ಬಿದ್ದಿರಬೇಕು. ವಾಪಸು ಬರುವಾಗ ವಾಡಿ ಊರು ಬರುವವರೆಗೂ ಬಸ್ಸಿನಲ್ಲಿ ಸೆರಗು ಬಾಯಿಗೊತ್ತಿಕೊಂಡು ಅತ್ತೆ.

ಕಿವಿ ಹೋದದ್ದು ತಪ್ಪಲ್ಲ ಅಪ್ಪಾ. ಗೊತ್ತಿದ್ದೂ ಸುಣ್ಣ ಹಚ್ಚಿದ್ದು ತಪ್ಪು. ಹಾಗಂತ ಕೆಲಸ ಬಿಡಬೇಕಿಲ್ಲ. ಕಿವಿಗೆ ಹತ್ತಿ ಇಟ್ಟು ನಾನೇ ನೋಡಿದ್ದೇನೆ. ಎಡ ಅಂಗೈ ಕಲ್ಲಿನ ಮೇಲಿಟ್ಟು ಬಡಿದರೆ ಗಟ್ಟಿ ಕಲ್ಲು ಬೆರಳತುದಿವರೆಗೂ ನಡುಗುತ್ತದೆ. ಬಿರುಕಿನದು ಸುಮ್ಮನೆ ಒತ್ತಿ ಬಿಡುತ್ತದೆ. ನಲವತ್ತು ವರ್ಷ ಕಲ್ಲು ಹಿಡಿದ ಕೈಗೆ ಇದು ಕಷ್ಟವಲ್ಲ.

ಆದರೆ ಈ ವರ್ಷ ನೀವು ಗುರುತು ಹಾಕಿದ ಕಲ್ಲುಗಳು ಯಾರ ತಲೆಯ ಮೇಲಿವೆ? ನಮ್ಮ ಓಣಿಯ ಲಾಲಮ್ಮನ ಬಾಗಿಲ ಮೇಲೆ ನೆರಳಿಗೆಂದು ಚಾಚಿದ ಛಜ್ಜಾಕ್ಕೆ ಕಲ್ಲು ನೀವೇ ಕಳಿಸಿದ್ದು. ಅದರ ಕೆಳಗೇ ಅವಳು ದಿನವೂ ರೊಟ್ಟಿ ಮಾರುತ್ತಾಳೆ. ಇವತ್ತು ಬೆಳಿಗ್ಗೆ ಬಿರುಕಿನ ಮಾತೆತ್ತಲು ಧೈರ್ಯ ಸಾಲದೆ, ಸ್ವಲ್ಪ ಆಚೆ ಕೂರು ಎಂದಷ್ಟೇ ಹೇಳಿದೆ. ಅವಳು ನಕ್ಕು, "ಖಂಡೆಪ್ಪಣ್ಣ ಬಡದು ನೋಡ್ಯಾನ ಅಂದ ಮ್ಯಾಲ ನನಗ್ಯಾಕ ಅಂಜಿಕಿ ಅವ್ವಾ?" ಎಂದು ಬುಟ್ಟಿಯನ್ನು ಛಜ್ಜಾದ ನಡುಮಧ್ಯಕ್ಕೇ ಎಳೆದುಕೊಂಡಳು.

ಕಾಗದ ಮುಟ್ಟಿದ ದಿನವೇ ಹೊರಟು ಬನ್ನಿ. ಅಲ್ಲಿಯವರೆಗೆ ಸುಮ್ಮನಿರಲು ನನ್ನಿಂದಾಗದು. ನಾಳೆಯೇ ಅವಳಿಗೆ ನಿಜ ಹೇಳಿ ಕಲ್ಲು ಇಳಿಸುತ್ತೇನೆ. ಉಳಿದ ಮನೆಗಳು ಯಾವುವೆಂದು ನೀವೇ ತೋರಿಸಬೇಕು. ನಿಮ್ಮ ಕೈ ಹಿಡಿದು ಪ್ರತಿ ಬಾಗಿಲಿಗೂ ನಾನು ಜೊತೆಗೆ ಬರುತ್ತೇನೆ.

ನೀವು ಬರುವವರೆಗೆ ಆ ಮನೆಗಳವರನ್ನೆಲ್ಲ ದೇವರು ಕಾಯಲಿ.

ನಿಮ್ಮನ್ನು ಶಂಕಿಸಿದ, ನಿಮ್ಮದೇ ಮಗಳು
ಶೈಲಶ್ರೀ